ಬಿದ್ದವನನ್ನ ಬಿಡಬಾರದು

ನೀರು ಉಗುರುಬೆಚ್ಚಗಿದೆಯೇ ಎಂದು ನೋಡಲು ಬಕೆಟ್ಟಿಗೆ ಮೊಣಕೈ ಅದ್ದಿದಾಗ ಅವನಿಗೆ ಬೆಳಿಗ್ಗೆ ಮಗಳು ತನ್ನನ್ನು ನೋಡಿದ ರೀತಿ ಮತ್ತೆ ನೆನಪಾಯಿತು. ಕೆಲಸಕ್ಕೆ ಹೊರಡಲು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಬೆನ್ನಿನ ಮೇಲೆ ಏನೋ ಹರಿದಾಡಿದಂತಾಗಿ ತಿರುಗಿದರೆ, ಅಡುಗೆಮನೆಯ ಚೌಕಟ್ಟಿಗೆ ಒರಗಿ ಅವಳು ನಿಂತಿದ್ದಳು. ಸ್ಕೂಲಿನ ಬಟ್ಟೆ ಹಾಕಿಕೊಂಡಿದ್ದಳು. ಒಂದು ಜಡೆ ಹೆಣೆದಿತ್ತು, ಇನ್ನೊಂದು ಬಿಚ್ಚಿತ್ತು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಅವನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಬೆರಳನ್ನು ಬಂದೂಕಿನ ಹಾಗೆ ಮಾಡಿಯೂ ಇರಲಿಲ್ಲ. ಹಾಗೆ ಮಾಡಿದ್ದರೆ ಅವನೂ ಎದೆ ಹಿಡಿದುಕೊಂಡು ಬಿದ್ದಂತೆ ನಟಿಸಿ ನಗಿಸಬಹುದಿತ್ತು. 'ಏನೇ ಚೂಟಿ?' ಎಂದ. 'ಏನಿಲ್ಲ. ಕಣ್ಣಿಗೆ ಏನೋ ಬಿದ್ದಿದೆ' ಎಂದಳು. ಅವನು ಬೆಳಕಿಗೆ ಅವಳ ಮುಖ ಎತ್ತಿ, ರೆಪ್ಪೆ ಬಿಡಿಸಿ, ಉಫ್ ಎಂದು ಊದಿದ. ಕಣ್ಣಲ್ಲಿ ಏನೂ ಇರಲಿಲ್ಲ. ತಿಳಿಯಾಗಿತ್ತು, ಒಣಗಿತ್ತು. ಆಗಿನಿಂದ ಅವನ ಕತ್ತಿನ ಹಿಂಭಾಗದಲ್ಲಿ ಕಾಸಿನಗಲದ ಜಾಗವೊಂದು ತಣ್ಣಗೇ ಉಳಿದುಬಿಟ್ಟಿತ್ತು.

ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆ ಅವನದು. ಹದಿನಾಲ್ಕು ವರ್ಷದಿಂದ ಅಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತಿದ್ದ, ಮೂಳೆ ಕೂಡಿದ ಮೇಲೆ ಕತ್ತರಿಸಿ ತೆಗೆಯುತ್ತಿದ್ದ. ಸೇರಿದ ವಾರವೇ ಮೂಳೆ ಡಾಕ್ಟರು ತಮಾಷೆಗೆ 'ಗಾರೆ ಮೇಸ್ತ್ರಿ' ಎಂದು ಕರೆದಿದ್ದರು. ಕಾಲ ಕಳೆದಂತೆ ಗಾರೆ ಉದುರಿಹೋಗಿ ಮೇಸ್ತ್ರಿ ಉಳಿದುಕೊಂಡಿತ್ತು. ಮೇಸ್ತ್ರಿಯ ಕೈಗೆ ಸಿಕ್ಕಿದ ಮಕ್ಕಳು ಅಳುವುದಿಲ್ಲ ಎಂಬ ಮಾತು ಆಸ್ಪತ್ರೆಯಲ್ಲಿತ್ತು. ಪ್ಲಾಸ್ಟರ್ ಕೊಯ್ಯುವ ಗರಗಸವನ್ನು ಮೊದಲು ತನ್ನ ಅಂಗೈಗೇ ಒತ್ತಿಕೊಂಡು, 'ನೋಡು, ಇದು ಬರೀ ಗುಟುರು ಹಾಕುತ್ತೆ, ಕಚ್ಚಲ್ಲ' ಎಂದು ತೋರಿಸುತ್ತಿದ್ದ. ಮಕ್ಕಳು ನಂಬುತ್ತಿದ್ದರು. ಮಕ್ಕಳು ತನ್ನನ್ನು ನಂಬುತ್ತಾರೆ ಎಂಬುದೇ ಈ ಕೆಲಸದಲ್ಲಿ ಅವನು ಗಳಿಸಿದ್ದ ಒಂದೇ ಹೆಮ್ಮೆ. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಹೆಂಡತಿಯ ಹತ್ತಿರವೂ. ಹತ್ತು ಗಂಟೆಯಿಂದ ಜೇಬಿನಲ್ಲಿ ಫೋನು ಮೂರು ಸಲ ನಡುಗಿತ್ತು. ಕೈ ತುಂಬ ಪ್ಲಾಸ್ಟರ್ ಮೆತ್ತಿದ್ದರಿಂದ ತೆಗೆದು ನೋಡಿರಲಿಲ್ಲ.

ಹನ್ನೊಂದರ ಸುಮಾರಿಗೆ ಒಬ್ಬ ಹುಡುಗನನ್ನು ಗಾಲಿ ಕುರ್ಚಿಯಲ್ಲಿ ಕರೆತಂದರು. ಜೊತೆಗೆ ತಾಯಿ. ಮೇಸ್ತ್ರಿ ಮೊದಲು ನೋಡಿದ್ದು ಹುಡುಗನ ಮುಖವನ್ನಲ್ಲ, ಕೈಯನ್ನೂ ಅಲ್ಲ, ಅಂಗಿಯನ್ನು. ಕಾಲರಿಗೆ ಹಸಿರು ಅಂಚಿದ್ದ ಬಿಳಿ ಅಂಗಿ. ಅದೇ ಅಂಚನ್ನು ಅವನು ನಿನ್ನೆ ಸಂಜೆ ತನ್ನ ಮನೆಯಲ್ಲಿ ಇಸ್ತ್ರಿ ಮಾಡಿದ್ದ. ಆ ಸ್ಕೂಲಿನಲ್ಲಿ ಎಂಟುನೂರು ಮಕ್ಕಳಿದ್ದಾರೆ, ದಿನಕ್ಕೊಬ್ಬರಾದರೂ ಬೀಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಎಕ್ಸರೆ ಹಾಳೆಯನ್ನು ದೀಪಕ್ಕೆ ಹಿಡಿದ. ಮುಂಗೈ ಮೂಳೆ ಹಸಿ ಕಡ್ಡಿ ಬಗ್ಗಿಸಿದಾಗ ಆಗುವಂತೆ ಒಂದು ಪಕ್ಕ ಸೀಳಿತ್ತು, ಪೂರ್ತಿ ತುಂಡಾಗಿರಲಿಲ್ಲ. ಡಾಕ್ಟರು ಕೈಯನ್ನು ಸರಿಮಾಡಿ ಕೂಡಿಸಿ, 'ಮೊಣಕೈ ಮೇಲಿನವರೆಗೆ ಹಾಕಿಬಿಡಿ ಮೇಸ್ತ್ರಿ, ಆರು ವಾರ' ಎಂದು ಬೇರೆ ರೋಗಿಯ ಕಡೆ ಹೋದರು.

'ಎಲ್ಲಿ ಬಿದ್ದೆ ಮರಿ?' ಹತ್ತಿಯ ಪಟ್ಟಿ ಸುತ್ತುತ್ತ ಕೇಳಿದ. ದಿನಾ ಕೇಳುವ ಪ್ರಶ್ನೆ ಅದು. ಮಕ್ಕಳ ಗಮನ ಕೈಯಿಂದ ಬಾಯಿಗೆ ಬರಲಿ ಎಂದು ಕೇಳುವುದು.

'ಬಿದ್ದಿದ್ದಲ್ಲ, ತಳ್ಳಿದ್ದು,' ಎಂದಳು ತಾಯಿ. 'ಮೆಟ್ಟಿಲ ಮೇಲಿಂದ. ಅದೂ ಯಾರು ಅಂತೀರಾ, ಒಂದು ಹುಡುಗಿ. ಹತ್ತು ವರ್ಷ ಅಂತೆ.'

'ಜಗಳ ಆಯ್ತಾ?'

ಹುಡುಗ ಇಲ್ಲವೆಂದು ತಲೆಯಾಡಿಸಿದ. 'ಸುಮ್ನೆ ಇಳೀತಾ ಇದ್ದೆ ಅಂಕಲ್. ಹಿಂದೆಯಿಂದ ಬಂದ್ಲು.' ಆಮೇಲೆ ಅವನು ಹೆಸರು ಹೇಳಿದ.

ಅದು ಮೇಸ್ತ್ರಿಯ ಮಗಳ ಹೆಸರು. ಅಜ್ಜಿಯ ಹೆಸರಿನ ಅರ್ಧಕ್ಕೆ ಹೆಂಡತಿ ಇಷ್ಟಪಟ್ಟ ಇನ್ನರ್ಧ ಸೇರಿಸಿ ಇಟ್ಟ ಹೆಸರು. ಇಡೀ ಊರಲ್ಲಿ ಇನ್ನೊಬ್ಬರಿಗೆ ಇಲ್ಲ ಎಂದು ಹೆಂಡತಿ ಹೇಳಿಕೊಳ್ಳುತ್ತಿದ್ದಳು. ಕೇಳುವ ಮೊದಲೇ ತನಗೆ ಅದು ಗೊತ್ತಿತ್ತು ಎನ್ನಿಸಿತು. ಬೂಟಿನ ದಾರ ಕಟ್ಟುವಾಗಲೇ ಗೊತ್ತಿತ್ತು. ಪ್ಲಾಸ್ಟರಿನ ಸುರುಳಿಯನ್ನು ನೀರಿಗೆ ಬಿಟ್ಟ. ಗುಳ್ಳೆಗಳು ಬುಳಬುಳನೆ ಎದ್ದವು. ಗುಳ್ಳೆ ನಿಲ್ಲುವವರೆಗೆ ಕಾಯಬೇಕು, ಆಮೇಲೆ ತೆಗೆದು ಹಿಂಡಬೇಕು. ಗುಳ್ಳೆ ನಿಂತ ಮೇಲೂ ಅವನು ಬಗ್ಗಿ ನೀರನ್ನೇ ನೋಡುತ್ತಿದ್ದ. ನೀರಿನಿಂದ ಮುಖ ಎತ್ತಿದರೆ ಈ ಹೆಂಗಸಿಗೆ ತನ್ನ ಮೂಗಿನಲ್ಲಿ, ಹುಬ್ಬಿನಲ್ಲಿ ಮಗಳ ಗುರುತು ಸಿಕ್ಕಿಬಿಡುತ್ತದೆ ಎಂದು ಹೆದರಿಕೆಯಾಯಿತು. ಎಲ್ಲರೂ ಹೇಳುವುದು ಅದೇ, ಅಪ್ಪನನ್ನು ಅಚ್ಚಿಳಿಸಿದ ಹಾಗಿದ್ದಾಳೆ ಎಂದು.

'ಬಿಸಿ ಆಗುತ್ತೆ, ಹೆದರ್ಕೋಬೇಡ. ಗಟ್ಟಿಯಾಗುವಾಗ ಹಾಗೇ,' ಎಂದ. ಅವನ ದನಿ ಮಾಮೂಲಿನಂತೆಯೇ ಬಂತು. ಅದೇ ಅವನಿಗೆ ಅಸಹ್ಯವೆನಿಸಿತು.

'ತಳ್ಳಿ ಸುಮ್ನಿದ್ಲಾ? ಇಲ್ಲ,' ತಾಯಿ ಮುಂದುವರಿಸಿದಳು. 'ಹೇಳೋ ಇವರಿಗೆ, ಆಮೇಲೆ ಏನು ಮಾಡಿದ್ಲು ಅಂತ.'

ಹುಡುಗ ಪ್ಲಾಸ್ಟರ್ ಸುತ್ತುವ ಬೆರಳುಗಳನ್ನೇ ನೋಡುತ್ತ ಹೇಳಿದ. 'ಕೆಳಗೆ ಇಳಿದು ಬಂದ್ಲು. ಪಕ್ಕ ನಿಂತ್ಕೊಂಡ್ಲು. ಬಿದ್ದವನನ್ನ ಬಿಡಬಾರದು ಅಂದ್ಲು. ನನಗಲ್ಲ, ಯಾರಿಗೋ ಹೇಳೋ ಹಾಗೆ, ಮೆಲ್ಲಗೆ. ಕಾಲು ಹಿಂಗೆ ಸ್ವಲ್ಪ ಎತ್ತಿದ್ಲು. ಅಷ್ಟರಲ್ಲಿ ಆಯಾ ಬಂದ್ರು.'

ಬಿದ್ದವನನ್ನ ಬಿಡಬಾರದು. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿರುತ್ತಿದ್ದಳು. ಮೇಸ್ತ್ರಿ ಮತ್ತು ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ದ್ವೀಪದ ಆಟ ಆಡುತ್ತಿದ್ದರು. ಅವನ ಕೈಯಲ್ಲಿ ಫೋನು, ಅವಳ ಕೈಯಲ್ಲಿ ಟ್ಯಾಬು. ನೂರು ಜನ ಆಕಾಶದಿಂದ ದ್ವೀಪಕ್ಕೆ ಧುಮುಕುತ್ತಾರೆ. ಮನೆಮನೆ ನುಗ್ಗಿ ಬಂದೂಕು ಹುಡುಕಬೇಕು, ಕಂಡವರನ್ನು ಹೊಡೆಯಬೇಕು, ಕೊನೆಗೆ ಉಳಿದವರು ಗೆದ್ದ ಹಾಗೆ. ಗುಂಡು ತಗುಲಿದವನು ಒಮ್ಮೆಲೇ ಸಾಯುವುದಿಲ್ಲ. ಮಂಡಿಯೂರಿ ತೆವಳುತ್ತಾನೆ. ಅವನ ಕಡೆಯವರು ಬಂದು ಮುಟ್ಟಿದರೆ ಎದ್ದು ಮತ್ತೆ ಬಂದೂಕು ಹಿಡಿಯುತ್ತಾನೆ. ಅದಕ್ಕೇ ಬಿದ್ದವನನ್ನ ಬಿಡಬಾರದು ಅಪ್ಪಾ ಎಂದು ಚೂಟಿ ಅವನಿಗೆ ಕಲಿಸಿದ್ದಳು. ಹೌದು, ಅವಳೇ ಕಲಿಸಿದ್ದು. ಅವನಿಗೆ ಆ ಆಟದ ಗಂಧಗಾಳಿ ಇರಲಿಲ್ಲವಲ್ಲ.

'ಯಾವಾಗ್ಲೂ ಆ ಆಟದ್ದೇ ಮಾತು ಅಂಕಲ್ ಅವಳದು,' ಹುಡುಗನಿಗೆ ಈಗ ನೋವು ಮರೆತಿತ್ತು. 'ಅವಳಪ್ಪನೂ ಆಡ್ತಾರಂತೆ. ಒಂದೇ ಸಲಕ್ಕೆ ಹನ್ನೊಂದು ಜನರನ್ನ ಹೊಡೆದಿದ್ದಾರಂತೆ.'

ಒಂಬತ್ತು ಎಂದು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ಹೊಡೆದದ್ದು ಒಂಬತ್ತು. ಮಗಳು ಅಪ್ಪನ ಬಗ್ಗೆ ಕೊಚ್ಚಿಕೊಳ್ಳಲು ಎರಡು ಸೇರಿಸಿದ್ದಳು. ಆ ಗಳಿಗೆಯಲ್ಲೂ ಎದೆಯೊಳಗೆ ಏನೋ ಸಣ್ಣಗೆ ಹಿಗ್ಗಿತು. ಅದನ್ನು ಗಮನಿಸಿದ್ದೇ ಅವನ ಬೆನ್ನಮೇಲೆ ಬೆವರೊಡೆಯಿತು.

'ಅಪ್ಪನೇ ಹಂಗಿದ್ರೆ ಮಗಳು ಇನ್ನೇನಾಗ್ತಾಳೆ? ನೂಲಿನಂತೆ ಸೀರೆ,' ಎಂದಳು ತಾಯಿ. 'ಒಂದು ಮಗು ಬಿದ್ದು ನರಳ್ತಾ ಇದ್ರೆ ಕಾಲೆತ್ತೋದು ಅಂದ್ರೆ! ದೊಡ್ಡವಳಾದ್ಮೇಲೆ ಏನು ಮಾಡಬಹುದು, ಯೋಚನೆ ಮಾಡಿ. ಆ ಮನೆಯವರಿಗೆ ಮಲಗಿದ್ರೆ ನಿದ್ದೆ ಹೆಂಗೆ ಬರುತ್ತೋ. ನಿಮಗೂ ಮಕ್ಕಳಿರ್ಬೇಕು, ನೀವೇ ಹೇಳಿ.'

'ಇಲ್ಲ,' ಎಂದ ಮೇಸ್ತ್ರಿ.

'ಅಂದ್ರೆ?'

'ನಮಗೆ ಮಕ್ಕಳಿಲ್ಲಮ್ಮ.'

ಅಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವನೇ ಬೆರಗಾದ. ಆ ಹೆಂಗಸಿನ ಮುಖ ಕ್ಷಣದಲ್ಲಿ ಮೆತ್ತಗಾಯಿತು. 'ಅಯ್ಯೋ, ಗೊತ್ತಾಗ್ಲಿಲ್ಲ, ಬೇಜಾರು ಮಾಡ್ಕೋಬೇಡಿ,' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಒಂದು ಲೆಕ್ಕಕ್ಕೆ ಪುಣ್ಯವಂತರು ಬಿಡಿ,' ಎಂದಳು. ಅವನು ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚಾಗಿಯೇ ಸುತ್ತಿದ. ಅಂಗೈಯಿಂದ ತೀಡಿ ನುಣುಪು ಮಾಡಿದ. ಅಂಚುಗಳನ್ನು ಮಡಚಿ, ಹುಡುಗನ ಐದೂ ಬೆರಳು ಅಲ್ಲಾಡಿಸಿ ನೋಡಿ, ಕೊರಳಿಗೆ ಜೋಳಿಗೆ ಕಟ್ಟಿದ. ಅವರು ಹೋದ ಮೇಲೆ ಕೈ ತೊಳೆದು ಫೋನು ತೆಗೆದ. ಮೂರೂ ಕರೆ ಸ್ಕೂಲಿನವೇ.

ಹೆಂಡತಿಗೆ ಫೋನು ಮಾಡಿದಾಗ ಅಂಗಡಿಯ ಗದ್ದಲದಲ್ಲಿ ಅವಳು ಎರಡು ಸಲ ಹೇಳಿಸಿಕೊಂಡಳು. 'ನನಗೂ ಈಗಷ್ಟೇ ಫೋನ್ ಬಂತು. ನೀವು ಹೋಗಿ ರೀ. ಇವತ್ತು ಇನ್ನೊಬ್ಬಳು ಬಂದಿಲ್ಲ, ನನಗೆ ಬಿಡೋಕೇ ಆಗಲ್ಲ,' ಎಂದಳು. ಆಮೇಲೆ ದನಿ ತಗ್ಗಿಸಿ, 'ಎಲ್ಲರ ಮುಂದೆ ಬೈಬೇಡಿ ಅವಳನ್ನ. ಮಕ್ಕಳು ತಳ್ಳಾಡ್ತಾವೆ. ಚಿಕ್ಕವರಿದ್ದಾಗ ನಾವೇನು ಕಲ್ಲಲ್ಲಿ ಹೊಡೆದಾಡ್ಲಿಲ್ವಾ?' ಎಂದಳು. ಕಾಲೆತ್ತಿದ್ದನ್ನು ಅವನು ಹೇಳಲಿಲ್ಲ. ಆ ಕೈಗೆ ಪ್ಲಾಸ್ಟರ್ ಹಾಕಿದ್ದು ತಾನೇ ಎಂದೂ ಹೇಳಲಿಲ್ಲ. ಒಂದನ್ನು ಹೇಳಿದರೆ, ಎಳೆದ ದಾರಕ್ಕೆ ಹೊಲಿಗೆಯೆಲ್ಲ ಬಿಚ್ಚಿಕೊಳ್ಳುವಂತೆ, ಮಕ್ಕಳಿಲ್ಲ ಎಂದದ್ದೂ ಹೊರಗೆ ಬೀಳುತ್ತದೆ.

ಸ್ಕೂಲಿಗೆ ನಡೆದೇ ಹೊರಟ. ಬಿಸಿಲಿತ್ತು. ಕನ್ನಡಕದ ಅಂಗಡಿ, ಬೀಗ ರಿಪೇರಿಯವನ ಪೆಟ್ಟಿಗೆ, ಬಾಗಿಲು ಅರ್ಧ ಎಳೆದ ಬ್ಯಾಂಕು. ದಿನಾ ನೋಡುವ ಬೀದಿಯೇ. ಆದರೆ ಇವತ್ತು ಅವನ ಕಣ್ಣು ಅದನ್ನು ಬೇರೆ ಥರ ನೋಡುತ್ತಿತ್ತು. ಆ ನೀರಿನ ಟ್ಯಾಂಕಿನ ಹಿಂದೆ ಒಬ್ಬ ಅಡಗಬಹುದು. ಈ ಮಹಡಿಯ ಕಿಟಕಿಯಿಂದ ಇಡೀ ಸರ್ಕಲ್ಲು ಕಾಣುತ್ತದೆ. ಗೋಡೆಯ ಮರೆಯಲ್ಲೇ ಹೋಗಬೇಕು, ಬಯಲಿಗೆ ಬರಬಾರದು. ಎದುರಿಗೆ ಒಬ್ಬ ಮುದುಕ ಕೊಡೆ ಊರಿಕೊಂಡು ಬರುತ್ತಿದ್ದ. ಅವನ ತಲೆಯ ಸುತ್ತ ಸಣ್ಣ ಕೆಂಪು ವೃತ್ತವೊಂದು ಮೂಡಿ ನಿಂತಂತಾಯಿತು. ಮೇಸ್ತ್ರಿ ಕಣ್ಣುಜ್ಜಿಕೊಂಡ. ನಲವತ್ತಮೂರು ವರ್ಷದವನು, ವಾರಕ್ಕೆರಡು ಗಂಟೆ ಆಡುವವನು, ನನಗೇ ಹೀಗಾದರೆ! ಅವಳು ದಿನಾ ಆಡುತ್ತಾಳೆ. ಅವನು ಕೆಲಸದಿಂದ ಬಂದು ಅರೆಗಣ್ಣು ಮುಚ್ಚಿ ಬಿದ್ದುಕೊಂಡಿರುವಾಗ, 'ಸದ್ದು ಕಡಿಮೆ ಮಾಡ್ಕೊಂಡು ಆಡು ಹೋಗು' ಎಂದು ತಾನೇ ಕಳಿಸಿದ್ದಾನೆ. ಮನೆ ಎಷ್ಟು ಸದ್ದಿಲ್ಲದೆ ಇರುತ್ತಿತ್ತು ಆಗ. ಒಳ್ಳೆ ಮಗು, ಒಂದು ತಂಟೆಯಿಲ್ಲ, ತಕರಾರಿಲ್ಲ ಎಂದು ನೆಂಟರ ಮುಂದೆ ಹೇಳಿದ್ದ. ಆ ನಿಶ್ಶಬ್ದದೊಳಗೆ ಏನು ಬೆಳೆಯುತ್ತಿತ್ತೋ.

ಹೆಡ್‌ಮಿಸ್ಸಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಚೂಟಿ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅದನ್ನು ನೋಡಿ ಅವನಿಗೆ ವಿಚಿತ್ರವಾದ ಸಮಾಧಾನವಾಯಿತು. ಕಾಲು ಎಟುಕದ ಮಗು ಅಷ್ಟು ದೊಡ್ಡ ಕೆಡುಕು ಮಾಡಿರಲಾರದು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅತ್ತ ಗುರುತಿರಲಿಲ್ಲ. ಎರಡೂ ಕಣ್ಣು ತೆರೆದೇ ಇದ್ದವು. ಅವನು ತಲೆ ಸವರಲು ಕೈ ಚಾಚಿದ. ಆ ಕೈ ಅವಳ ತಲೆಯವರೆಗೆ ಹೋಗದೆ ಬೆಂಚಿನ ಒರಗನ್ನು ಮುಟ್ಟಿ ಹಿಂದೆ ಬಂತು.

ಒಳಗೆ ಹೆಡ್‌ಮಿಸ್ ಮೆತ್ತನೆಯ ದನಿಯಲ್ಲಿ ಮಾತಾಡಿದರು. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಕ್ಲಾಸ್ ಟೀಚರ್, ಇನ್ನೂ ಎಳೆ ವಯಸ್ಸಿನವಳು, ಒಂದು ನೋಟ್‌ಬುಕ್ ಎದೆಗೆ ಅವುಚಿಕೊಂಡು ಕೂತಿದ್ದಳು.

'ಮನೇಲಿ ಮೊಬೈಲ್ ಗೇಮ್ ಆಡ್ತಾಳಾ?'

'ಎಲ್ಲೋ ಅಪರೂಪಕ್ಕೆ ಮೇಡಂ.' ಇವತ್ತಿನ ಎರಡನೇ ಸುಳ್ಳು.

ಟೀಚರ್ ನೋಟ್‌ಬುಕ್ ಮೇಜಿನ ಮೇಲಿಟ್ಟು ತಿರುಗಿಸಿದಳು. ಗಣಿತದ ಪುಸ್ತಕ. ಹಿಂದಿನ ಪುಟಗಳಲ್ಲಿ ಪೆನ್ಸಿಲಿನಿಂದ ಬರೆದ ನಕ್ಷೆಗಳಿದ್ದವು. ಸ್ಕೂಲಿನ ಅಂಗಳ, ನಲ್ಲಿಗಳ ಸಾಲು, ಮೆಟ್ಟಿಲಿನ ತಿರುವು, ಲೈಬ್ರರಿಯ ಕಿಟಕಿ. ಎಲ್ಲವೂ ಮೇಲಿನಿಂದ ಕಂಡ ಹಾಗೆ, ಆಕಾಶದಿಂದ ಇಳಿಯುವವರಿಗೆ ಕಾಣುವ ಹಾಗೆ. ಅಲ್ಲಲ್ಲಿ ಬಾಣದ ಗುರುತು. ಮೆಟ್ಟಿಲ ತಿರುವಿನಲ್ಲಿ ಮೂರು ಕರೀ ಚುಕ್ಕೆ, ನಲ್ಲಿಯ ಹತ್ತಿರ ಎರಡು. ಪಕ್ಕದಲ್ಲಿ ಅವಳ ಗುಂಡು ಅಕ್ಷರ: 'ಇಲ್ಲಿಂದ ಕಾಣುತ್ತೆ. ಇಲ್ಲಿ ಮರೆ. ಒಬ್ಬನೇ ಇರುವಾಗ ಮಾತ್ರ.'

'ಒಬ್ಬನೇ ಇರುವಾಗ ಮಾತ್ರ,' ಟೀಚರ್ ಓದಿದಳು. 'ನನಗೆ ಇದನ್ನ ನೋಡಿ ರಾತ್ರಿ ನಿದ್ದೆ ಬರಲ್ಲ ಸರ್. ಅವಳು ಪಾಠದಲ್ಲಿ ಜಾಣೆ. ಆದ್ರೆ ಕಿಟಕಿ ಕಡೆ ನೋಡ್ತಾ ಕೂತಿದ್ರೆ ನನಗೆ ಬೋರ್ಡಿನ ಕಡೆ ತಿರುಗೋಕೇ ಒಂಥರಾ ಆಗುತ್ತೆ.' ಹೇಳಿದ ಮೇಲೆ ನಾಚಿಕೊಂಡು ತಲೆ ತಗ್ಗಿಸಿದಳು. ಮೇಸ್ತ್ರಿಗೆ ಅವಳ ಕೈ ಹಿಡಿದು, ನನಗೂ ಹಾಗೇ ಆಗುತ್ತೆ ತಾಯಿ, ಎನ್ನಬೇಕೆನ್ನಿಸಿತು. ಕತ್ತಿನ ಹಿಂದೆ ತಣ್ಣಗಾಗುತ್ತದೆ, ಅಲ್ಲವೇ? ಕಾಸಿನಗಲ.

ಹೆಡ್‌ಮಿಸ್ ಏನೋ ಹೇಳುತ್ತಿದ್ದರು. ಒಂದು ವಾರ ಮನೆಯಲ್ಲಿರಲಿ, ಮಕ್ಕಳ ಮನಸ್ಸು ತಿಳಿದ ಒಬ್ಬರು ಗೊತ್ತಿದ್ದಾರೆ, ಅವರ ಹತ್ತಿರ ಕರೆದುಕೊಂಡು ಹೋಗಿ, ಆ ಹುಡುಗನ ಮನೆಗೆ ನೀವೇ ಹೋಗಿ ಕ್ಷಮೆ ಕೇಳಿ, ಆ ಆಟ ಇವತ್ತಿನಿಂದಲೇ ಬಂದ್ ಮಾಡಿ. ಅವನು ಹೂಂಗುಟ್ಟುತ್ತಿದ್ದ. ಕಣ್ಣೆದುರು ಮಾತ್ರ ಒಂದು ಭಾನುವಾರ. ಮಳೆ ನಿಂತಿತ್ತು, ಕಿಟಕಿಯ ಗಾಜಿನಲ್ಲಿ ನೀರಿನ ಗೆರೆಗಳು. ದ್ವೀಪದಲ್ಲಿ ಇನ್ನು ಉಳಿದವರು ನಾಲ್ಕೇ ಜನ. ಚೂಟಿ ಒಬ್ಬನನ್ನು ಬೀಳಿಸಿದ್ದಳು. ಅವನು ತೆವಳುತ್ತ ಪೊದೆಯ ಕಡೆ ಹೋಗುತ್ತಿದ್ದ. ಅವಳು ಹೊಡೆಯಲಿಲ್ಲ. ಅವನ ಜೊತೆಗಾರ ಬಂದು ಎಬ್ಬಿಸಿದ, ಇಬ್ಬರೂ ಸೇರಿ ಅಪ್ಪ ಮಗಳಿಬ್ಬರನ್ನೂ ಕೊಂದರು. 'ಯಾಕೆ ಬಿಟ್ಟೆ?' ಎಂದು ಅವನು ಕಿರುಚಿದ್ದ. 'ಪಾಪ ಅನ್ನಿಸ್ತು ಅಪ್ಪಾ, ತೆವಳ್ತಾ ಇದ್ದ' ಎಂದಿದ್ದಳು. 'ಪಾಪವಂತೆ! ಹೆದರುಪುಕ್ಕಿ. ಬಿದ್ದವನನ್ನ ಬಿಡಬಾರದು, ತಿಳ್ಕೋ' ಎಂದು ಫೋನನ್ನು ಸೋಫಾದ ಮೇಲೆ ಎಸೆದಿದ್ದ. ಗೆಲುವಿಗೆ ಅಷ್ಟು ಹತ್ತಿರ ಅವನು ಬದುಕಿನಲ್ಲಿ ಯಾವತ್ತೂ ಬಂದಿರಲಿಲ್ಲ ಎಂಬ ಸಿಟ್ಟು ಅದು. ಅವಳು ಅಳಲಿಲ್ಲ. ಎಡಗಣ್ಣು ಮುಚ್ಚಿ ಪರದೆಯನ್ನು ನೋಡುತ್ತ, 'ಇನ್ನೊಂದು ಆಟ ಆಡೋಣ ಅಪ್ಪಾ, ಈ ಸಲ ಬಿಡಲ್ಲ' ಎಂದಿದ್ದಳು. ಬಿಡಲೂ ಇಲ್ಲ. ಅವನು ಅವಳ ಬೆನ್ನು ತಟ್ಟಿದ್ದ.

ಅವಳು ಕಲಿಸಿದ್ದಲ್ಲ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಇಷ್ಟು ಹೊತ್ತೂ ಅವಳ ಬಾಯಿಗೆ ಹಾಕಿದ್ದ ಮಾತು ತನ್ನದು.

'ಮೇಡಂ,' ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಆ ಹುಡುಗನ ತಾಯಿ ಬಂದಳು. ಮಗನನ್ನು ಮನೆಯಲ್ಲಿ ಮಲಗಿಸಿ, ದೂರಿನ ಕಾಗದ ಕೊಡಲು ಬಂದಿದ್ದಳು. ಅವಳ ಹಿಂದೆ ತೆರೆದ ಬಾಗಿಲಲ್ಲಿ, ಬೆಂಚಿನಿಂದ ಎದ್ದು ಬಂದ ಚೂಟಿ ನಿಂತಿದ್ದಳು. ಹೆಡ್‌ಮಿಸ್, 'ಇವರೇ ಆ ಹುಡುಗಿಯ ತಂದೆ' ಎಂದರು.

ಆ ಹೆಂಗಸು ಅವನ ಮುಖ ನೋಡಿದಳು. ಆಮೇಲೆ ಉಗುರಿನ ಸಂದಿಯಲ್ಲಿ ಉಳಿದಿದ್ದ ಬಿಳಿಯನ್ನು ನೋಡಿದಳು.

'ನೀವಾ? ಮಕ್ಕಳಿಲ್ಲ ಅಂದ್ರಲ್ಲ?'

ಗೋಡೆಯಾಚೆ ಯಾವುದೋ ತರಗತಿ ಮಗ್ಗಿ ಹೇಳುತ್ತಿತ್ತು. ಏಳೆಂಟಲ ಐವತ್ತಾರು.

'ಮಕ್ಕಳಿಲ್ಲ ಅಂದ್ರಲ್ಲ ನೀವು? ನಾನು ಪಾಪ ಅಂದ್ಕೊಂಡೆ,' ಎಂದಳು ಮತ್ತೆ. ಒಮ್ಮೆ ನಕ್ಕಳು. ನಗು ಅರ್ಧಕ್ಕೇ ನಿಂತು, ಕಣ್ಣಿನಲ್ಲಿ ನಿಜವಾದ ಹೆದರಿಕೆ ಬಂತು. 'ನನ್ನ ಮಗನ ಕೈ... ಸರಿಯಾಗೇ ಕಟ್ಟಿದ್ದೀರಾ ತಾನೇ?'

ಹದಿನಾಲ್ಕು ವರ್ಷದಲ್ಲಿ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. 'ಸರಿಯಾಗೇ ಕಟ್ಟಿದ್ದೀನಮ್ಮ,' ಎಂದ. 'ಬೇಕಾದ್ರೆ ಬೇರೆಯವರ ಹತ್ರ ತೋರಿಸಿ. ತಪ್ಪು ನಂದು. ಆ ಮಾತು ಅವಳಿಗೆ ಹೇಳಿಕೊಟ್ಟಿದ್ದು ನಾನು. ಬಿದ್ದವನನ್ನ ಬಿಡಬಾರದು ಅನ್ನೋದು. ನಾನೇ ಅವಳ ಜೊತೆ ಆಡೋದು, ವಾರ ವಾರ.' ಹೇಳಿದ್ದು ಯಾರಿಗೂ ತಲುಪಿದಂತೆ ಕಾಣಲಿಲ್ಲ. ಆ ಹೆಂಗಸು ಕಾಗದವನ್ನು ಮೇಜಿನ ಮೇಲಿಟ್ಟು, ಅವನನ್ನು ಬಳಸಿಕೊಂಡು, ಚೂಟಿಯನ್ನೂ ಬಳಸಿಕೊಂಡು, ಮೈ ತಾಗದಂತೆ ಸೆರಗು ಬಿಗಿಮಾಡಿಕೊಂಡು ಹೊರಗೆ ಹೋದಳು. ಅವನು ಬಾಗಿಲ ಕಡೆ ನೋಡಿದ. ಮಗಳು ಅವನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಒಂದು ಲೆಕ್ಕ ತಪ್ಪಿದಾಗ ಮತ್ತೆ ಮೊದಲಿಂದ ಮಾಡಿ ನೋಡುವ ಮುಖ.

ಮನೆಗೆ ಹೋಗಲು ದೊಡ್ಡ ರಸ್ತೆ ದಾಟಬೇಕು. ರಸ್ತೆಯ ಮೇಲೆ ನಡೆದು ಹೋಗುವವರಿಗೆಂದು ಕಟ್ಟಿದ ಕಬ್ಬಿಣದ ಸೇತುವೆ. ಹತ್ತುವಾಗ ಅವಳು ಮುಂದೆ, ಅವನು ಹಿಂದೆ. ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಲಾರಿಗಳು ಹೋದಾಗಲೆಲ್ಲ ಕಬ್ಬಿಣದ ಹಲಗೆ ಕಾಲಡಿಯಲ್ಲಿ ಅದುರುತ್ತಿತ್ತು. ನಡುಮಧ್ಯದಲ್ಲಿ ಅವಳು ನಿಂತಳು.

'ಅವರು ಮೂರು ಜನ ಅಪ್ಪಾ,' ಎಂದಳು, ಕೇಳದೆಯೇ. 'ಮೆಟ್ಟಿಲ ತಿರುವಲ್ಲಿ ದಿನಾ ನಿಂತಿರ್ತಾರೆ. ನನ್ನ ಬ್ಯಾಗು ಕಿತ್ಕೊಂಡು ನೀರಲ್ಲಿ ಹಾಕ್ತಾರೆ. ಜಡೆ ಎಳೀತಾರೆ. ಅದಕ್ಕೇ ನಕ್ಷೆ ಬರ್ಕೊಂಡಿದ್ದೆ, ಎಲ್ಲಿಂದ ಹೋದ್ರೆ ಅವರ ಕಣ್ಣಿಗೆ ಬೀಳಲ್ಲ ಅಂತ.'

ಅವನ ಎದೆಯಿಂದ ಬಂಡೆ ಇಳಿದಂತಾಯಿತು. ಹಾಗಾದರೆ ಇದು ಅದಲ್ಲ. ಮಗು ಹೆದರಿತ್ತು, ಅಷ್ಟೇ. 'ನನಗೆ ಯಾಕೆ ಹೇಳ್ಲಿಲ್ಲ ಮಗಳೇ?'

'ಹೆದರುಪುಕ್ಕಿ ಅಂತೀಯ.'

ಅವನು ಕಂಬಿಯ ಕಡೆ ತಿರುಗಿದ. 'ಇವತ್ತು ಅವನು ಏನು ಮಾಡಿದ?' ಎಂದ.

'ಇವತ್ತು ಏನೂ ಮಾಡ್ಲಿಲ್ಲ,' ಎಂದಳು. ಕಂಬಿಯ ಸಂದಿಯಿಂದ ಕೆಳಗಿನ ರಸ್ತೆ ನೋಡುತ್ತಿದ್ದಳು. 'ಒಬ್ಬನೇ ಇದ್ದ. ಬೆನ್ನು ಮಾಡಿದ್ದ. ಅದಕ್ಕೇ.'

ಇಳಿದಿದ್ದ ಬಂಡೆ ಮತ್ತೆ ಹತ್ತಿ ಕೂತಿತು. ಕೇಳಬಾರದೆಂದುಕೊಂಡೇ ಕೇಳಿದ. 'ತಳ್ಳಿದಾಗ ಏನನ್ನಿಸ್ತು?'

ಅವಳು ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹುಡುಕುತ್ತಿಲ್ಲ, ಸರಿಯಾದ ಮಾತು ಹುಡುಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಅದೇ ಹೆಚ್ಚು ಹೆದರಿಸಿತು. 'ಚೆನ್ನಾಗನ್ನಿಸ್ತು,' ಎಂದಳು. 'ಒಂದು ಚೂರು ಹೊತ್ತು. ಆಮೇಲೆ ಕೈ ಸದ್ದು ಮಾಡ್ತು. ಚಟ್ ಅಂತ. ಆಟದಲ್ಲಿ ಆ ಸದ್ದು ಇಲ್ಲ ಅಪ್ಪಾ.'

'ಕಾಲು ಎತ್ತಿದ್ಯಂತೆ. ಬಿದ್ದವನನ್ನ ಬಿಡಬಾರದು ಅಂದ್ಯಂತೆ. ಒದೆಯೋಕಾ? ಇಲ್ಲ...' ಆ ಮಾತಿಗೆ ಇನ್ನೊಂದು ಅರ್ಥವೂ ಇದೆಯೆಂದು ದಾರಿಯುದ್ದಕ್ಕೂ ಅವನು ಜಪಿಸಿಕೊಂಡು ಬಂದಿದ್ದ. ಬಿದ್ದವನನ್ನು ಅಲ್ಲೇ ಬಿಟ್ಟು ಹೋಗಬಾರದು, ಎಬ್ಬಿಸಬೇಕು, ಎಂದು. 'ಇಲ್ಲ, ಎಬ್ಬಿಸೋಕೆ ಹೋದ್ಯಾ?' ದನಿ ಬೇಡುತ್ತಿತ್ತು.

'ಗೊತ್ತಿಲ್ಲ,' ಎಂದಳು ಚೂಟಿ. 'ಬಾಯಿಗೆ ಬಂತು. ಕಾಲು ಅದಾಗೇ ಎದ್ದುಬಿಡ್ತು. ಆಯಾ ಬರ್ದೆ ಇದ್ದಿದ್ರೆ ಏನು ಮಾಡ್ತಿದ್ದೆ ಅಂತ ನಂಗೂ ಗೊತ್ತಿಲ್ಲ.' ಆಮೇಲೆ, ಬೇರೆ ಯಾವುದೋ ಸಣ್ಣ ವಿಷಯವೆಂಬಂತೆ, 'ನೀನ್ಯಾಕೆ ನಾನಿಲ್ಲ ಅಂದೆ?' ಎಂದಳು.

'ಹೆದರಿಕೆ ಆಯ್ತು,' ಎಂದ. ಇವತ್ತಿಡೀ ದಿನದಲ್ಲಿ ಅವನು ಯೋಚಿಸದೆ ಹೇಳಿದ ಒಂದೇ ನಿಜ.

'ಯಾರನ್ನ ಕಂಡ್ರೆ?'

ಇಬ್ಬರೂ ಸೇತುವೆಯ ಆಚೆ ತುದಿಗೆ ನಡೆದರು. ಮೆಟ್ಟಿಲು ಕಡಿದಾಗಿ ಇಳಿದಿತ್ತು, ಮೂವತ್ತಕ್ಕೂ ಹೆಚ್ಚು. ಅಂಚುಗಳು ಸವೆದು ಹೊಳೆಯುತ್ತಿದ್ದವು. 'ನೀನು ಮುಂದೆ ಇಳಿ,' ಎಂದ, ದಾರಿಬಿಟ್ಟು ಪಕ್ಕಕ್ಕೆ ಸರಿದು. ಅವಳು ಕದಲಲಿಲ್ಲ. ಅವನ ಮುಖ ನೋಡಿದಳು, ಮೆಟ್ಟಿಲು ನೋಡಿದಳು, ಮತ್ತೆ ಮುಖ ನೋಡಿದಳು. ಆ ಲೆಕ್ಕ ಅವಳಿಗೆ ಬಿಡಿಸಲು ಬಂತು. ತುಟಿ ಸ್ವಲ್ಪ ಅಗಲವಾಗಿ, ಅದುರಿ, ಮುಚ್ಚಿಕೊಂಡಿತು. ಅವನಿಗೆ ನಾಚಿಕೆಯಾಯಿತು. 'ಸರಿ, ನಾನೇ ಮುಂದೆ ಹೋಗ್ತೀನಿ' ಎಂದು ನಗುವಂತೆ ಮಾಡಿ, ಮಗಳಿಗೆ ಬೆನ್ನು ಕೊಟ್ಟು ಇಳಿಯತೊಡಗಿದ. ಒಂದು, ಎರಡು, ಮೂರು. ಮುಂದಿನದೇನೂ ಕಾಣುತ್ತಿರಲಿಲ್ಲ. ಬೆನ್ನೆಲ್ಲ ಕಿವಿಯಾಗಿತ್ತು. ಅವಳ ಬೂಟಿನ ಸದ್ದು ಒಂದು ಮೆಟ್ಟಿಲು ಮೇಲೆ, ಅವನು ನಿಂತರೆ ನಿಲ್ಲುತ್ತ, ನಡೆದರೆ ನಡೆಯುತ್ತ. ಹತ್ತು ವರ್ಷದ ಮಗು, ಇಪ್ಪತ್ತೆಂಟು ಕೆಜಿ. ಹುಟ್ಟಿದಾಗ ಈ ಎರಡು ಅಂಗೈಯಲ್ಲಿ ಹಿಡಿಸಿದವಳು. ಹನ್ನೊಂದು, ಹನ್ನೆರಡು. ಬೆನ್ನಿನ ನಡುವಿಗೆ ಅವಳ ಕೈ ತಾಗಿತು.

ಅವನು ಎರಡೂ ಕೈಯಿಂದ ಕಂಬಿಯನ್ನು ಬಾಚಿ ತಬ್ಬಿಕೊಂಡ. ಬಾಯಿಂದ ಒಂದು ಸದ್ದು ಹೊರಟಿತು, ಪ್ರಾಣಿ ಮಾಡುವಂಥದು. ಕೆಳಗಿನಿಂದ ಹತ್ತಿ ಬರುತ್ತಿದ್ದ ಒಬ್ಬ ಹೆಂಗಸು ತಲೆಯೆತ್ತಿ ನೋಡಿದಳು. ತಿರುಗಿದರೆ, ಚೂಟಿ ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿದ್ದಳು. 'ಇಳಿಯೋಕಾಗ್ತಿಲ್ಲ ಅಪ್ಪಾ,' ಎಂದಳು. 'ಮೆಟ್ಟಿಲು ನೋಡಿದ್ರೆ ಅವನು ಕಾಣ್ತಾನೆ. ನಿನ್ನ ಅಂಗಿ ಹಿಡ್ಕೊಳ್ಳೋಣ ಅಂತ.' ಹೇಳಿ ಕೈ ಹಿಂದಕ್ಕೆ ತೆಗೆದುಕೊಂಡು, ಅದನ್ನು ಮುಟ್ಟಬಾರದ ವಸ್ತುವೆಂಬಂತೆ ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಇಲ್ಲ ಕಂದಾ, ಹೆದರಲಿಲ್ಲ, ಕಾಲು ಜಾರಿತು ಎನ್ನಬಹುದಿತ್ತು. ಇವತ್ತಿನ ಮೂರನೇ ಸುಳ್ಳಾಗುತ್ತಿತ್ತು. ಆ ಹೆಂಗಸು ಅವರನ್ನು ದಾಟಿ, ಒಮ್ಮೆ ಹಿಂದಿರುಗಿ ನೋಡಿ, ಮೇಲೆ ಹೋದಳು. ಅವನು ಕಂಬಿಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಅವಳಿಗೆ ಬೆನ್ನು ಮಾಡಿ ಕೂತ. ಕೈಗಳನ್ನು ಎಲ್ಲಿಯೂ ಆನಿಸದೆ ತೊಡೆಯ ಮೇಲಿಟ್ಟುಕೊಂಡ. ಎದುರಿಗೆ ಇಪ್ಪತ್ತು ಮೆಟ್ಟಿಲುಗಳ ಇಳಿಜಾರು, ಅದರ ಕೆಳಗೆ ಒಂದು ಹಣ್ಣಿನ ಗಾಡಿ, ಬಸ್ಸಿಗೆ ಕಾಯುವವರು, ನಿಧಾನಕ್ಕೆ ಬಣ್ಣ ಬದಲಿಸುತ್ತಿದ್ದ ಬಿಸಿಲು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹಿಂದೆ ಏನೋ ಸರಿದಾಡಿದ ಸದ್ದಾಯಿತು. ಅವನು ತಿರುಗಲಿಲ್ಲ. ಕತ್ತಿನ ಕೆಳಗೆ, ಎರಡು ಹೆಗಲೆಲುಬಿನ ನಡುವೆ, ಅವಳ ಹಣೆ ಬಂದು ಒರಗಿತು.

ಅವನ ಮೈ ಬೆಚ್ಚಿಬಿತ್ತು. ಬೆಚ್ಚಿದ್ದು ಅವಳ ಹಣೆಗೂ ತಿಳಿಯಿತು. ಆದರೂ ಅವಳು ತಲೆ ತೆಗೆಯಲಿಲ್ಲ.